ಎರಡು ಚೀಟಿ, ಒಂದೇ ಹೊಟ್ಟೆ

ಕಾಸರಗೋಡಿನ ಗಡಿಭಾಗದಲ್ಲಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವವರಿಗೆ ಮಾನಸಿಕ ಕಾಯಿಲೆಯ ಔಷಧಿಗಳ ವಿಷಯದಲ್ಲಿ ಒಂದು ಹೆಚ್ಚಿನ ತಲೆನೋವು ಉಂಟು. ಮನಸ್ಸಿನ ಡಾಕ್ಟರು ಮಂಗಳೂರಿನಲ್ಲಿ. ಪ್ರೆಶರಿನ ಮಾತ್ರೆ ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ. ಸೊಂಟನೋವಿನದ್ದು ನಮ್ಮಲ್ಲಿ, ಬಾಯಿಮಾತಿಗೆ. ಒಂದು ಚೀಟಿ ತಲಪಾಡಿ ಗಡಿಯ ಆಚೆಯದ್ದು, ಒಂದು ಈಚೆಯದ್ದು, ಮೂರನೆಯದಕ್ಕೆ ಚೀಟಿಯೇ ಇಲ್ಲ. ಮೂರನ್ನೂ ಒಟ್ಟಿಗೆ ನೋಡುವ ಅವಕಾಶ ಸಿಗುವುದು ಕೌಂಟರಿನವರಿಗೆ, ಅದೂ ಬಾಯಿಬಿಟ್ಟು ಕೇಳಿದರೆ. ಮಾನಸಿಕ ಔಷಧಿಯಿಂದ ಸೈಡ್ ಎಫೆಕ್ಟ್ ಆಯಿತು ಎಂದು ಬರುವವರಲ್ಲಿ ಎಷ್ಟೋ ಸಲ ತಪ್ಪು ಆ ಮಾತ್ರೆಯದ್ದಲ್ಲ, ಅದರ ಜೊತೆಗೆ ಬಂದು ಸೇರಿದ್ದರದ್ದು.

ಕೇಳುವುದಕ್ಕೂ ಒಂದು ರೀತಿ ಬೇಕು. "ಬೇರೆ ಮಾತ್ರೆ ಉಂಟಾ?" ಎಂದರೆ "ಎಂತ ಇಲ್ಲ" ಎಂಬ ಉತ್ತರ ಬಾಯಲ್ಲೇ ಇರುತ್ತದೆ. ಪಕ್ಕದ ಮನೆಯವರು ಹಿಂದೆ ನಿಂತಿದ್ದರಂತೂ ಮುಗಿಯಿತು. ಅವರನ್ನು ಕೌಂಟರಿನ ಮೂಲೆಗೆ ಕರೆದು ಒಂದೊಂದೇ ಕೇಳಬೇಕು: "ಪ್ರೆಶರಿಗೆ ತೆಗೊಳ್ತೀರಾ ಅಕ್ಕ? ನಿದ್ದೆಗೆ? ನರಕ್ಕೆ? ಆಗಾಗ ರಕ್ತ ಪರೀಕ್ಷೆ ಮಾಡಿಸ್ಲಿಕ್ಕೆ ಹೇಳಿದ ಮಾತ್ರೆ ಉಂಟಾ?" ಕೊನೆಯ ಪ್ರಶ್ನೆಗೆ "ಹೌದು" ಎಂದರೆ ಕೈಯಲ್ಲಿರುವ ನೋವಿನ ಮಾತ್ರೆಯ ಸ್ಟ್ರಿಪ್ ಕೆಳಗಿಡಿ. ಅವರು ಹೇಳುತ್ತಿರುವುದು ಮಾನಸಿಕ ಕಾಯಿಲೆಯ ಲಿಥಿಯಂ ಅಥವಾ ಕ್ಲೋಜಪೈನ್ ಆಗಿರುವ ಸಾಧ್ಯತೆ ಇದೆ.

ಲಿಥಿಯಂ ಹಳೆಯ ಔಷಧಿ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಇದು ಆಗುತ್ತದೆ ಎಂದು ತೋರಿಸಿದರು. ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೆ ಇಂದಿಗೂ ಇದರಷ್ಟು ನಂಬಿಕೆಯ ಔಷಧಿ ಕಡಿಮೆ. ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲೂ ಇದಕ್ಕೆ ಒಳ್ಳೆಯ ಹೆಸರಿದೆ. ಕಷ್ಟ ಇರುವುದು ಅಳತೆಯಲ್ಲಿ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ, ಉನ್ಮಾದ ಜೋರಾಗಿರುವಾಗ ಸ್ವಲ್ಪ ಹೆಚ್ಚು ಇಟ್ಟುಕೊಳ್ಳುತ್ತಾರೆ. 1.5 ದಾಟಿದರೆ ವಿಷ, 2.0 ದಾಟಿದರೆ ಜೀವಕ್ಕೇ ಅಪಾಯ. ಮದ್ದಿಗೂ ವಿಷಕ್ಕೂ ಇಷ್ಟೇ ಅಂತರ.

ಮೂತ್ರಪಿಂಡಕ್ಕೆ ಲಿಥಿಯಂ ಮತ್ತು ಉಪ್ಪಿನ ಸೋಡಿಯಂ ಹೆಚ್ಚುಕಡಿಮೆ ಒಂದೇ. ಮೈಯಲ್ಲಿ ಸೋಡಿಯಂ ಅಥವಾ ನೀರು ಕಡಿಮೆಯಾದರೆ ಅದು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಲಿಥಿಯಂ ಕೂಡ ಜೊತೆಗೆ ಉಳಿಯುತ್ತದೆ. ವಾಂತಿ, ಬೇಧಿ, ಬೇಸಿಗೆಯಲ್ಲಿ ತೋಟದ ಕೆಲಸದ ಬೆವರು, ಇವೆಲ್ಲ ಮಟ್ಟ ಏರಿಸುತ್ತವೆ. ಪ್ರೆಶರ್ ಉಂಟು ಎಂದು ಯಾರೋ ಹೇಳಿದ್ದಕ್ಕೆ ಗಂಜಿಗೆ ಉಪ್ಪು, ಉಪ್ಪಿನಕಾಯಿ ಎರಡನ್ನೂ ಒಂದೇ ದಿನ ಬಿಟ್ಟವರಲ್ಲೂ ಅದೇ ಆಗುತ್ತದೆ. ಉಪ್ಪು ಕಡಿಮೆ ಮಾಡಬಾರದು ಎಂದಲ್ಲ, ಡಾಕ್ಟರಿಗೆ ಹೇಳಿ, ಮಟ್ಟ ನೋಡಿಸುತ್ತಾ ಮಾಡಬೇಕು. ರಂಜಾನ್ ಉಪವಾಸ ಹಿಡಿಯುವವರೂ ತಿಂಗಳು ಮೊದಲೇ ಕೇಳಿಟ್ಟುಕೊಳ್ಳಬೇಕು. ಉಪವಾಸ ಎಂದು ಮಾತ್ರೆಯನ್ನು ತಾವಾಗಿ ಬಿಡುವುದು ಇನ್ನೂ ಕೆಟ್ಟದ್ದು.

ಇನ್ನು ಪಕ್ಕದ ಮಾತ್ರೆಗಳು. ನೋವಿನವುಗಳಲ್ಲಿ ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮೂರೂ ಲಿಥಿಯಂ ಏರಿಸುತ್ತವೆ. ಪ್ರೆಶರಿನವುಗಳಲ್ಲಿ ಎನಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಏರಿಸುತ್ತವೆ. ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಹೈಡ್ರೋಕ್ಲೋರೋಥಯಜೈಡ್. ಪ್ರೆಶರ್ ಮಾತ್ರೆಯ ಹೆಸರಿನ ಬಾಲದಲ್ಲಿ ಎಚ್ ಎಂಬ ಅಕ್ಷರ ಕಂಡರೆ ಸಾಮಾನ್ಯವಾಗಿ ಅದು ಸೇರಿದೆ ಎಂದೇ ಅರ್ಥ. ಆದರೆ ಮಾತ್ರೆಯ ಬಾಲ ನೋಡಿ ನಿರ್ಧರಿಸಬೇಡಿ, ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಬರೆದ ಒಳಗಿನ ಔಷಧಿಯ ಹೆಸರು ಓದಿ. ಅಮ್ಲೋಡಿಪಿನ್‌ನಿಂದ ಈ ತೊಂದರೆ ಇಲ್ಲ. ನೋವಿಗೆ, ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಬಹುದು. "ಅದು ಸಾಕಾಗುದಿಲ್ಲ, ಸ್ವಲ್ಪ ಸ್ಟ್ರಾಂಗ್ ಕೊಡಿ" ಎಂದರೂ ಕೊಡಬೇಡಿ.

ಕೈ ಸಣ್ಣಗೆ ನಡುಗುವುದು, ಬಾಯಾರಿಕೆ, ಹೆಚ್ಚು ಮೂತ್ರ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಸಾಮಾನ್ಯ. ಲೋಟ ಹಿಡಿದರೆ ನೀರು ಚೆಲ್ಲುವಷ್ಟು ನಡುಕ, ವಾಂತಿ, ಬೇಧಿ, ತೊದಲು ಮಾತು, ಹೆಜ್ಜೆ ತಪ್ಪುವುದು, ಮಂಪರು, ಇವು ಸಾಮಾನ್ಯವಲ್ಲ. ಕುಡಿದು ಬಂದಿದ್ದಾರೆ ಎಂದು ಜನ ನಗುವುದೂ ಉಂಟು. ಇಲ್ಲೊಂದು ಸುಳಿ ಇದೆ: ಬೇಧಿಯಿಂದ ಲಿಥಿಯಂ ಏರುತ್ತದೆ, ಏರಿದ ಲಿಥಿಯಂನಿಂದಲೂ ಬೇಧಿಯಾಗುತ್ತದೆ. ಯಾವುದು ಮೊದಲು ಎಂದು ಕೌಂಟರಿನಲ್ಲಿ ಪತ್ತೆ ಮಾಡಲು ಹೋಗದೆ, ಬೇಧಿ ನಿಲ್ಲಿಸುವ ಮಾತ್ರೆ ಕೊಟ್ಟು ಮನೆಗೂ ಕಳಿಸದೆ, ಮುಂದಿನ ಡೋಸ್ ತಡೆದು ಆಸ್ಪತ್ರೆಗೆ ಕಳಿಸಿ. ಓಆರ್‌ಎಸ್ ಕುಡಿಯುತ್ತಾ ಹೋಗಲಿ. ವಯಸ್ಸಾದವರಲ್ಲಿ ರಿಪೋರ್ಟಿನ ಅಂಕಿ ಸರಿಯಿದ್ದರೂ ವಿಷದ ಲಕ್ಷಣ ಬರಬಹುದು.

ರಿಪೋರ್ಟ್ ತಪ್ಪು ಬರುವುದಕ್ಕೂ ದಾರಿಗಳಿವೆ. ರಕ್ತ ಕೊಡಬೇಕಾದ್ದು ಕೊನೆಯ ಡೋಸಿನ 12 ಗಂಟೆಗಳ ನಂತರ. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ, ಬೆಳಗ್ಗಿನ ಮಾತ್ರೆ ಆಮೇಲೆ. ಅದನ್ನು ನುಂಗಿಯೇ ಲ್ಯಾಬಿಗೆ ಹೋದರೆ ಮಟ್ಟ ಸುಮ್ಮನೆ ಏರಿದಂತೆ ಕಾಣುತ್ತದೆ, ಡಾಕ್ಟರು ಡೋಸ್ ಇಳಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಖಾಲಿ ಹೊಟ್ಟೆ ಬೇಕಿಲ್ಲ, ನೀರು ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಇನ್ನೊಂದು ಮಾತು, ಲ್ಯಾಬಿನವರಿಗೆ: ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ಹೆಚ್ಚಾಗಿ ಲಿಥಿಯಂ ಹೆಪಾರಿನ್ ಇರುತ್ತದೆ. ಅದರಲ್ಲಿ ಹಿಡಿದ ರಕ್ತದಲ್ಲಿ ಟ್ಯೂಬಿನ ಲಿಥಿಯಂ ಕೂಡ ಸೇರಿ ಅಂಕಿ ಹಾರುತ್ತದೆ. ಕೆಂಪು ಅಥವಾ ಹಳದಿ ಮುಚ್ಚಳದ ಸೀರಂ ಟ್ಯೂಬೇ ಬೇಕು. ಡೋಸ್ ಬದಲಾದರೆ 5ರಿಂದ 7 ದಿನ ಬಿಟ್ಟು ನೋಡಬೇಕು, ಮೊದಲೇ ನೋಡಿದರೆ ಅರ್ಥವಿಲ್ಲ. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ಕೂಡ ನೋಡಿಸಬೇಕು.

ಮಂಗಳೂರಿನಲ್ಲಿ ಬರೆದ ಲಿಥಿಯಂ ಬ್ರ್ಯಾಂಡ್ ಇಲ್ಲಿ ಸಿಗದೆ ಬೇರೆಯದು ಕೊಡುವಾಗ ಹೆಸರಿಗಿಂತ ಮಿಲಿಗ್ರಾಮ್ ನೋಡಿ. 300ರ ಮೂರು ಎಂದರೆ ದಿನಕ್ಕೆ 900. ಅದೇ ಜಾಗಕ್ಕೆ ನಿಧಾನಕ್ಕೆ ಕರಗುವ 400ರದ್ದು ಮೂರು ಹೋದರೆ 1,200. ಮನೆಯವರಿಗೆ ಎರಡೂ "ಅದೇ ಮಾತ್ರೆ". ನಿಧಾನಕ್ಕೆ ಕರಗುವುದನ್ನು ಪುಡಿ ಮಾಡಿ ಕೊಡಬಾರದು ಎಂದೂ ಹೇಳಿ ಕಳಿಸಿ. ಇಂಥ ಬದಲಾವಣೆ ಡಾಕ್ಟರಿಗೆ ಫೋನ್ ಮಾಡದೆ ಮಾಡಬೇಡಿ.

ಕ್ಲೋಜಪೈನ್ ಕೊಡುವುದು ಬೇರೆ ಔಷಧಿಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆಗೆ. ಇದು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯಕಾರಿಯಾಗಿ ಇಳಿಸುತ್ತದೆ. ಫಿನ್‌ಲ್ಯಾಂಡಿನಲ್ಲಿ 1975ರಲ್ಲಿ ಇದರಿಂದ ಸಾವುಗಳಾದ ಮೇಲೆಯೇ ರಕ್ತ ಪರೀಕ್ಷೆಯ ಕಟ್ಟುನಿಟ್ಟು ಬಂದದ್ದು. ಮೊದಲ 18 ವಾರ ವಾರಕ್ಕೊಮ್ಮೆ ನೋಡುವ ಪದ್ಧತಿ ಹೆಚ್ಚು ರೂಢಿಯಲ್ಲಿದೆ, ಆಮೇಲೆ ಅಂತರ ಹೆಚ್ಚುತ್ತದೆ. ನಮ್ಮ ಮಳೆಗಾಲದಲ್ಲಿ ಜ್ವರ, ಗಂಟಲುನೋವು ಯಾರಿಗಿಲ್ಲ? ಆದರೆ ಈ ಮಾತ್ರೆ ತಿನ್ನುವವರ ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು ಎರಡು ದಿನ ಕಾಯುವಂತಿಲ್ಲ, ಅದೇ ದಿನ ರಕ್ತಕಣದ ಎಣಿಕೆ ಆಗಬೇಕು. ಇದರಿಂದಾಗುವ ಮಲಬದ್ಧತೆಯನ್ನು ಹಗುರವಾಗಿ ಕಾಣಬೇಡಿ, ಕರುಳು ಪೂರ್ತಿ ನಿಂತು ಸತ್ತವರೂ ಇದ್ದಾರೆ.

ಬೀಡಿಯ ವಿಷಯ ಡಾಕ್ಟರುಗಳೂ ಕೇಳಲು ಮರೆಯುತ್ತಾರೆ. ಬೀಡಿ, ಸಿಗರೇಟಿನ ಹೊಗೆ ಲಿವರಿನಲ್ಲಿ ಕ್ಲೋಜಪೈನ್ ಬೇಗ ಕರಗುವಂತೆ ಮಾಡುತ್ತದೆ. ಆ ಲೆಕ್ಕಕ್ಕೆ ಹೊಂದಿಸಿದ ಡೋಸ್ ತಿನ್ನುತ್ತಿದ್ದವರು ಬೀಡಿ ಬಿಟ್ಟರೆ ಒಂದು ವಾರದೊಳಗೆ ಮಟ್ಟ ಒಂದೂವರೆ ಪಟ್ಟು ಆಗಬಹುದು: ಹಗಲೆಲ್ಲ ನಿದ್ದೆ, ದಿಂಬು ಒದ್ದೆಯಾಗುವಷ್ಟು ಜೊಲ್ಲು, ಕೆಲವರಿಗೆ ಫಿಟ್ಸ್. ಇದು ಹೊಗೆಯ ಕೆಲಸ, ನಿಕೋಟಿನ್‌ನದ್ದಲ್ಲ. ಆದ್ದರಿಂದ ವೀಳ್ಯದೆಲೆಯ ಜೊತೆ ಹೊಗೆಸೊಪ್ಪು ಜಗಿಯುವವರಿಗೆ ಈ ಲೆಕ್ಕ ಇಲ್ಲ. ಬೀಡಿ ಬಿಡುವುದು ಒಳ್ಳೆಯದೇ, ಬಿಡುವ ಮೊದಲು ಡಾಕ್ಟರಿಗೆ ಹೇಳಲಿ. ಮೂತ್ರದ ಸೋಂಕಿಗೆ ಬರೆಯುವ ಸಿಪ್ರೊಫ್ಲೊಕ್ಸಾಸಿನ್ ಕೂಡ ಕ್ಲೋಜಪೈನ್ ಮಟ್ಟ ಏರಿಸುತ್ತದೆ.

ಉಳಿದವು ಚಿಕ್ಕದಾಗಿ. ಖಿನ್ನತೆಯ ಎಸ್ಸಿಟಾಲೋಪ್ರಾಂ, ಸರ್ಟ್ರಾಲಿನ್ ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ವಾಕರಿಕೆ ಮಾತ್ರ ಮೊದಲ ದಿನವೇ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಬಹಳ ಜನ ಒಂದೇ ವಾರಕ್ಕೆ ಬಿಡುತ್ತಾರೆ. ಇವುಗಳ ಜೊತೆ ನೋವಿನ ಟ್ರಮಡಾಲ್ ಬೇಡ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಶುರುವಾದ ಮೊದಲ ದಿನಗಳಲ್ಲಿ ಹುಡುಗರಿಗೆ ಕತ್ತು ಓರೆಯಾಗಿ ಕಣ್ಣು ಮೇಲೆ ಸಿಕ್ಕಿಕೊಂಡರೆ ಅದು ಮೈಮೇಲೆ ಬಂದದ್ದಲ್ಲ, ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ವಾಂತಿಯ ಮೆಟೊಕ್ಲೋಪ್ರಮೈಡ್ ಕೂಡ ಇದೇ ಕೆಲಸ ಮಾಡುತ್ತದೆ, ಎರಡನ್ನೂ ಸೇರಿಸಬೇಡಿ. ಮಗು ಆಗಬಹುದಾದ ವಯಸ್ಸಿನ ಹೆಂಗಸರ ಚೀಟಿಯಲ್ಲಿ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ವ್ಯಾಲ್ಪ್ರೊಯೇಟ್ ಕಂಡರೆ ಗರ್ಭದ ಮಾತು ಡಾಕ್ಟರ ಹತ್ತಿರ ಆಗಿದೆಯೇ ಎಂದು ಕೇಳಿ. ನಿದ್ದೆಗೆ, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಂ, ಡೈಜೆಪಾಂ, ಜೋಲ್ಪಿಡೆಂ ಔಷಧಿ ಕಾನೂನಿನ ಎಚ್1 ಪಟ್ಟಿಯವು. ಡಾಕ್ಟರ, ರೋಗಿಯ, ಔಷಧಿಯ ಹೆಸರು ಮತ್ತು ಕೊಟ್ಟ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ತಿಂಗಳುಗಟ್ಟಲೆ ತಿಂದದ್ದನ್ನು ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆದ್ದರಿಂದ "ಇದು ಚಟದ ಮಾತ್ರೆ, ಬಿಟ್ಟುಬಿಡಿ" ಎಂಬ ಉಪದೇಶ ನಮ್ಮಿಂದ ಬೇಡ.

ಮಾತ್ರೆಯ ಡಬ್ಬಿಯಲ್ಲಿ ಒಂದು ಕಾಗದ ಇರಲಿ. ಒಂದು ಬದಿ ಮನೆಯವರಿಗೆ ಕನ್ನಡದಲ್ಲಿ. ಇನ್ನೊಂದು ಬದಿ ಇಂಗ್ಲಿಷ್ ಅಕ್ಷರದಲ್ಲಿ ಬ್ರ್ಯಾಂಡ್ ಅಲ್ಲದ ಮೂಲ ಹೆಸರು, ಮಿಲಿಗ್ರಾಮ್, ಹೊತ್ತು, ಕೊನೆಯ ರಕ್ತ ಪರೀಕ್ಷೆಯ ತಾರೀಕು. ಎಮರ್ಜೆನ್ಸಿಯಲ್ಲಿ ಹೋಗುವುದು ಮಂಗಳೂರಿಗೋ ಕಾಸರಗೋಡಿಗೋ ಪರಿಯಾರದ ಮೆಡಿಕಲ್ ಕಾಲೇಜಿಗೋ ಆ ಹೊತ್ತಿಗೇ ಗೊತ್ತಾಗುವುದು, ಅಲ್ಲಿನವರಿಗೆ ಕನ್ನಡ ಓದಲು ಬರಬೇಕೆಂದಿಲ್ಲ. ಡಾಕ್ಟರು ಸಿಗದ ಹೊತ್ತಿನಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದ್ದು ತರಲು ಹೇಳಿ. ಹರತಾಳ, ಮಳೆ, ಬಸ್ಸಿನ ಮುಷ್ಕರ ಯಾವಾಗ ಎಂದು ಹೇಳಲಾಗದು, 2020ರ ಮಾರ್ಚಿನಲ್ಲಿ ತಲಪಾಡಿಯೇ ಮುಚ್ಚಿತ್ತು. ಕ್ಲೋಜಪೈನ್ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸ್ ಒಮ್ಮೆಲೇ ನುಂಗುವಂತಿಲ್ಲ, ಡಾಕ್ಟರು 12.5 ಮಿಲಿಗ್ರಾಮಿನಿಂದ ಮತ್ತೆ ಏರಿಸಬೇಕಾಗುತ್ತದೆ. ಆದ್ದರಿಂದ ಸ್ಟ್ರಿಪ್ ಕೊಡುವ ಮೊದಲು "ಕೊನೇ ಮಾತ್ರೆ ಯಾವಾಗ ತಿಂದದ್ದು?" ಎಂದು ಕೇಳಿ. "ಮೊನ್ನೆ" ಎಂದರೆ ಮೊದಲು ಡಾಕ್ಟರಿಗೆ ಫೋನ್ ಹಚ್ಚಿ.