ಶಾಲೆಯಲ್ಲೇ ಮಲಗುತ್ತಿದ್ದ ಸೈಕಲ್

ನನ್ನ ಜೊತೆ ಎಂಟನೇ ತರಗತಿಯಲ್ಲಿದ್ದವರು ಈ ಸಂಚಿಕೆ ಓದುತ್ತಿದ್ದರೆ, ಅವರಿಗೆ ನಾನೊಂದು ಉತ್ತರ ಬಾಕಿ ಇದ್ದೇನೆ. 2012ರಲ್ಲಿ ನಮಗೆಲ್ಲ ಸರ್ಕಾರದ ಸೈಕಲ್ ಬಂದವಲ್ಲ, ಸಂಜೆ ಗಂಟೆ ಹೊಡೆದ ಕೂಡಲೇ ನೀವೆಲ್ಲ ಬೆಲ್ ಬಾರಿಸುತ್ತ ಹೊರಟರೆ ನಾನೊಬ್ಬನೇ ನಡೆದು ಹೋಗುತ್ತಿದ್ದೆ. "ಇವ ಸೈಕಲ್ಲಿಗೆ ಪೂಜಾ ಮಾಡಾಕ ಇಟ್ಟಾನ" ಅಂತ ನಗುತ್ತಿದ್ದಿರಿ. ಗಾಳಿ ಹೋಗೇತಿ, ಚೈನ್ ಬಿದ್ದೇತಿ ಎಂದು ದಿನಕ್ಕೊಂದು ಸುಳ್ಳು ಹೇಳುತ್ತಿದ್ದೆ. ಸೈಕಲ್ ಒಯ್ದು ನಿಲ್ಲಿಸಲು ನನಗೆ ಮನೆ ಇರಲಿಲ್ಲ. ವಿಷಯ ಅಷ್ಟೇ.

ನಾವು ರೋಣ ತಾಲ್ಲೂಕಿನ ಹೊಳೆಸಾಲಿನವರು. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ, ಮಲಪ್ರಭೆ ಊರೊಳಗೆ ಬಂದಳು. ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಆ ಮಣ್ಣು ನೀರು ಕುಡಿದು ಕುಡಿದು ಭಾರವಾಗಿ, ಹೊಳೆ ಗೋಡೆ ಮುಟ್ಟುವ ಮೊದಲೇ ಎಷ್ಟೋ ಮನೆ ಕುಸಿದು ಕೂತಿದ್ದವು. ನಮ್ಮದು ದೊಡ್ಡಪ್ಪನ ಹೆಸರಿನಲ್ಲಿತ್ತು, ಮನೆ ಬಿದ್ದವರ ಪಟ್ಟಿಯಲ್ಲೂ ಅವನ ಹೆಸರೇ ಬಂತು. ಗೋವಾಕ್ಕೆ ದುಡಿಯಲು ಹೋದ ಅಪ್ಪನ ಸುದ್ದಿ ನಿಂತು ವರ್ಷವಾಗಿತ್ತು. ಅವ್ವ ನನ್ನನ್ನೂ ತಂಗಿಯನ್ನೂ ಕಟ್ಟಿಕೊಂಡು ಹುಬ್ಬಳ್ಳಿ ಬಸ್ ಹತ್ತಿದಳು.

ದುರ್ಗದಬೈಲಿನ ಒಂದು ಕಿರಾಣಿ ಅಂಗಡಿಯಲ್ಲಿ ಅವಳಿಗೆ ಕಸ ಹೊಡೆಯುವ, ಉಳ್ಳಾಗಡ್ಡಿ ಆರಿಸುವ ಕೆಲಸ ಸಿಕ್ಕಿತು. ರಾತ್ರಿ ಶಟರ್ ಮುಂದೆ ಮಲಗಬಹುದು. ಸಾಹುಕಾರರಿಗೆ ಪುಕ್ಕಟೆ ಕಾವಲು, ನಮಗೆ ಪುಕ್ಕಟೆ ಕಟ್ಟೆ. ಆದರೆ ದುರ್ಗದಬೈಲ್ ರಾತ್ರಿ ಬೇಗ ಮಲಗುವ ಜಾಗವಲ್ಲ. ಮಿರ್ಚಿ, ಗಿರಮಿಟ್ಟಿನ ಗಾಡಿಗಳು ಒಲೆ ಆರಿಸುವವರೆಗೆ ನಾವೂ ಎಚ್ಚರ. ನನ್ನ ಓದು ಬರಹವೆಲ್ಲ ಆ ಗಾಡಿಗಳ ಬಲ್ಬಿನ ಬೆಳಕಿನಲ್ಲೇ ನಡೆಯಿತು, ಗಣಿತದ ಪಟ್ಟಿಗೆ ಎಣ್ಣೆ ಕಲೆ ಯಾಕೆ ಎಂದು ಕೇಳಿದವರಿಗೂ ಇದೇ ಉತ್ತರ. ನೀರಿನ ವಿಷಯದಲ್ಲಿ ಮಾತ್ರ ನಮಗೂ ಮನೆ ಇದ್ದವರಿಗೂ ಬಹಳ ಅಂತರವಿರಲಿಲ್ಲ. ಹುಬ್ಬಳ್ಳಿಯ ನಳ ವಾರಕ್ಕೊಮ್ಮೆ ಬಂದರೆ ದೊಡ್ಡದು. ಯಾವ ಓಣಿಗೆ ಯಾವತ್ತು ನೀರು ಎಂಬುದು ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ.

2010ರ ಜೂನ್‌ನಲ್ಲಿ ಅವ್ವ ನನ್ನನ್ನು ನಮ್ಮ ಶಾಲೆಗೆ ಕರೆತಂದಳು. ಟಿ.ಸಿ. ಇರಲಿಲ್ಲ, ಹೊಳೆಗೆ ಹೋಗಿತ್ತು. ಅದೇ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಬಂದಿತ್ತು, ಕಾಗದವಿಲ್ಲವೆಂದು ಮಗುವನ್ನು ತಿರುಗಿ ಕಳಿಸುವಂತಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಕಂಡದ್ದು, ಹೆಡ್‌ಮಾಸ್ತರರು ಸುಮ್ಮನೆ ಹೆಸರು ಬರೆದುಕೊಂಡದ್ದು. ಗೆಳೆಯರು ಮನೆ ಎಲ್ಲಿ ಎಂದರೆ "ಸಿದ್ಧಾರೂಢ ಮಠದ ಹತ್ರ" ಎನ್ನುತ್ತಿದ್ದೆ. ಪೂರ್ತಿ ಸುಳ್ಳಲ್ಲ. ಬಿಸಿಯೂಟ ಇಲ್ಲದ ರವಿವಾರ ಮಠದ ದಾಸೋಹವೇ ನಮ್ಮ ಅಡಿಗೆಮನೆ. ದಸರಾ ರಜೆಗೆ ನೀವೆಲ್ಲ ದಿನ ಎಣಿಸಿ ಕುಣಿಯುವಾಗ ನಾನು ಬೇರೆ ಲೆಕ್ಕದಲ್ಲಿರುತ್ತಿದ್ದೆ.

ಈಗ ಆ ರಾತ್ರಿಯ ಮಾತು. 2011ರ ಫೆಬ್ರುವರಿ 28, ಸೋಮವಾರ. ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಲು ಗೊತ್ತುಮಾಡಿದ್ದ ರಾತ್ರಿ ಅದು. ಮುಖದ ಮೇಲೆ ಬ್ಯಾಟರಿ ಬೆಳಕು ಬಿತ್ತು. ಪೊಲೀಸರು ಎಂದುಕೊಂಡು ಕೌದಿಯ ಸಂದಿನಿಂದ ನೋಡಿದರೆ, ರಟ್ಟಿನ ಮೇಲೆ ಫಾರ್ಮ್ ಹಿಡಿದು ಕುಕ್ಕರಗಾಲಿನಲ್ಲಿ ಕೂತವರು ನಮ್ಮ ಸಮಾಜ ವಿಜ್ಞಾನದ ಸರ್! ಗಪ್ಪನೆ ಕೌದಿ ಎಳೆದುಕೊಂಡೆ.

"ಎಷ್ಟ ಮಂದಿ ಅದೀರಿ ಯಕ್ಕಾ?"

"ಮೂರ ಮಂದಿರಿ ಯಪ್ಪಾ."

ಅವ್ವ ನನ್ನ ಹೆಸರು ಹೇಳಿದಳು, ಅಡ್ಡಹೆಸರಿನ ಸಮೇತ. ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ, ಊರು ಯಾಕೆ ಬಿಟ್ಟಿರಿ ಎಂದು ಕೇಳಿದರು.

"ಹೊಳಿ ಬಂತ್ರಿ."

ಆ ಫಾರ್ಮಿನಲ್ಲಿ ಊರು ಬಿಟ್ಟ ಕಾರಣಕ್ಕೆ ಕೆಲಸ, ವ್ಯಾಪಾರ, ಓದು, ಮದುವೆ ಎಂದೆಲ್ಲ ಇದ್ದವು, ಹೊಳೆ ಇರಲಿಲ್ಲ. 'ಇತರೆ' ಎಂದೇ ಬರೆದಿರಬೇಕು. ಆ ಎಣಿಕೆಯಲ್ಲಿ ದೇಶದಲ್ಲೆಲ್ಲ ಮನೆಯಿಲ್ಲದವರು 17 ಲಕ್ಷ 70 ಸಾವಿರ ಮೀರಿದ್ದರಂತೆ. ಅದರಲ್ಲಿ ಮೂವರು ನಾವು, ಒಬ್ಬ ನಿದ್ದೆಯ ಸೋಗು ಹಾಕಿದವನು.

ಮರುದಿನ ಶಾಲೆಗೆ ಹೋಗುವುದೇ ಬೇಡವೆಂದಿದ್ದೆ. ಬಿಸಿಯೂಟ ಎಳೆದುಕೊಂಡು ಹೋಯಿತು. ಸರ್ ಹಾಜರಿ ಕೂಗಿದರು, ನನ್ನ ಹೆಸರನ್ನೂ ಉಳಿದವರ ಹೆಸರಿನಂತೆಯೇ. ಅಂದು ಏನೂ ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ. ಕನಿಕರದ ಎರಡು ಮಾತು ಆಡಿದ್ದರೂ ನಾನು ಶಾಲೆ ಬಿಡುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ.

ಸೈಕಲ್ ಕೊಟ್ಟ ದಿನ ಅದನ್ನು ದುರ್ಗದಬೈಲಿಗೆ ಒಯ್ದು, ಸುತಳಿಯಿಂದ ಕಾಲಿಗೆ ಕಟ್ಟಿಕೊಂಡು ಮಲಗಿದೆ. ನಾಯಿ ಬೊಗಳಿದರೂ ಎದ್ದು ಕೂರುವುದು. ಮೂರನೇ ದಿನ ಸಮಾಜದ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೇ ನಿದ್ದೆ ಹೋದೆ. ಸಂಜೆ ಶಾಲೆಯ ಸಿಪಾಯಿ ಕರೆದು, "ಲೇ ತಮ್ಮಾ, ಸ್ಟೋರ್ ರೂಮಿನ್ಯಾಗ ಜಾಗಾ ಐತಿ. ರಾತ್ರಿ ಸೈಕಲ್ ಅಲ್ಲೇ ಇಡು, ಸರ್ ಹೇಳ್ಯಾರ" ಎಂದ. ಯಾವ ಸರ್ ಎಂದು ನಾನು ಕೇಳಲಿಲ್ಲ. ಅಂದಿನಿಂದ ಹಳೆಯ ಭೂಪಟ, ಕಾಲು ಮುರಿದ ಬೆಂಚುಗಳ ನಡುವೆ ನನ್ನ ಸೈಕಲ್ ಮಲಗತೊಡಗಿತು. ಮಳೆಗಾಲದಲ್ಲಿ, ತಾಡಪತ್ರಿಯ ಕೆಳಗೆ ನೆನೆಯುತ್ತ, ಸೈಕಲ್ಲಾದರೂ ಒಣ ಜಾಗದಲ್ಲಿದೆ ಎಂದು ಸಮಾಧಾನವಾಗುತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

2014ರಲ್ಲಿ, ನಾನು ಹತ್ತನೇ ತರಗತಿಯಲ್ಲಿದ್ದಾಗ, ಅವ್ವ ಡಿಪಾಜಿಟ್ ಕೂಡಿಸಿ ಮಂಟೂರು ರಸ್ತೆಯ ಕಡೆ ತಗಡಿನ ಒಂದು ಖೋಲಿ ಹಿಡಿದಳು. ಮೂವರು ಕಾಲು ಚಾಚಿದರೆ ಗೋಡೆ. ಸಿಪಾಯಿಗೆ ಹೇಳಿ ಸೈಕಲ್ ಬಿಡಿಸಿಕೊಂಡೆ. ಅಂದು ನಿಮ್ಮೆಲ್ಲರ ಹಾಗೆ ಬೆಲ್ ಬಾರಿಸುತ್ತ ಗೇಟು ದಾಟಿದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿರಲೂಬಹುದು. ಹೊರಗೆ ನಿಲ್ಲಿಸಲು ಮನಸ್ಸಾಗದೆ ಖೋಲಿಯೊಳಗೇ ತಂದು ನಿಲ್ಲಿಸಿದೆ. ಹಾಸಿಗೆಯ ಅರ್ಧ ಜಾಗ ಹೋಯಿತು. ಅವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

"ಯಾಕೋ, ಈ ಖೋಲಿ ನಮಗ ಹಿಡದೇನೋ, ಸೈಕಲ್ಲಿಗೆ ಹಿಡದೇನೋ?"