ವ್ಯಾಂಕೂವರ್‌ನ ಮಳೆ ನಿಂತ ಮೇಲೆ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ನಾನು ‘ದಿ ಎಕ್ಸ್-ಫೈಲ್ಸ್’ ಸರಣಿಯನ್ನು ಮೊದಲು ನೋಡಿದ್ದು ಒಂದು ಮಳೆಗಾಲದಲ್ಲಿ, ಗೆಳೆಯನಿಂದ ತಂದ ಸೀಡಿಗಳಲ್ಲಿ. ಹಿಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಅಜ್ಜಿ ಪರದೆಯ ಮೇಲಿನ ಮಂಜು, ತೊಯ್ದ ಮರಗಳು, ಕೆಸರು ದಾರಿಗಳನ್ನು ಕಂಡು, “ಇದೆಲ್ಲಿ ತೆಗ್ದಿದ್ದೋ? ನಮ್ಮ ಆಗುಂಬೆ ಕಡೆ ಹಂಗೇ ಕಾಣ್ತದಲ್ಲ” ಎಂದಿದ್ದರು. ಈ ಸರಣಿಯ ಅಭಿಮಾನಿಗಳಲ್ಲಿ ಹೆಚ್ಚಿನವರು ಮೊದಲ ಐದು ಸೀಸನ್‌ಗಳನ್ನೇ ಏಕೆ ಮೆಚ್ಚುತ್ತಾರೆ ಎಂಬುದಕ್ಕೆ ಅಜ್ಜಿಯ ಆ ಮಾತಿನಲ್ಲಿ ಅರ್ಧ ಉತ್ತರವಿದೆ ಎಂದು ನಾನು ನಂಬುತ್ತೇನೆ.

ವಿವರಣೆಗೆ ಸಿಗದ ವಿಚಿತ್ರ ಪ್ರಕರಣಗಳನ್ನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಬೆನ್ನಟ್ಟುವ, ಕ್ರಿಸ್ ಕಾರ್ಟರ್ ರೂಪಿಸಿದ ಈ ಸರಣಿ 1993ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಆರಂಭವಾಯಿತು. ಕಥೆ ಅಮೆರಿಕದ್ದಾದರೂ ಮೊದಲ ಐದು ಸೀಸನ್‌ಗಳ 117 ಕಂತುಗಳಿಗೆ ನೆಲೆಯಾಗಿದ್ದದ್ದು ಕೆನಡಾದ ವ್ಯಾಂಕೂವರ್. ಅಲ್ಲಿನ ಬಿಡದ ಮಳೆ, ಬೇಗ ಕವಿಯುವ ಕತ್ತಲೆ, ದಟ್ಟ ಕಾಡು ಇವು ಕಥೆಗೆ ಬರಿಯ ಹಿನ್ನೆಲೆಯಾಗಿ ಉಳಿಯದೆ, ನೋಡುಗನಿಂದ ಏನನ್ನೋ ಸದಾ ಮರೆಮಾಡುತ್ತಿದ್ದವು.

ಮೊದಲ ಸೀಸನ್ನಿನ ‘ಡಾರ್ಕ್‌ನೆಸ್ ಫಾಲ್ಸ್’ ಕಂತನ್ನೇ ನೋಡಿ. ಮರ ಕಡಿಯಲು ಕಾಡಿಗೆ ಹೋದವರು ಕಾಣೆಯಾಗುತ್ತಾರೆ. ಅವರನ್ನು ಹುಡುಕಿ ಹೋದ ಆ ಇಬ್ಬರು ಅಧಿಕಾರಿಗಳಾದ ಮಲ್ಡರ್ ಮತ್ತು ಸ್ಕಲ್ಲಿಗೆ, ಕಡಿದುರುಳಿಸಿದ ಹಳೆಯ ಮರವೊಂದರೊಳಗಿಂದ ಹೊರಬಿದ್ದ ಸೂಕ್ಷ್ಮ ಹುಳುಗಳೇ ಇದಕ್ಕೆ ಕಾರಣವೆಂದು ತಿಳಿಯುತ್ತದೆ. ಬೆಳಕಿದ್ದಲ್ಲಿಗೆ ಅವು ಬರುವುದಿಲ್ಲ. ಜನರೇಟರಿನ ಇಂಧನ ಮುಗಿಯುತ್ತ ಬಂದಿದೆ, ಗುಡಿಸಲಿನಲ್ಲಿ ಉರಿಯುತ್ತಿರುವುದು ಒಂದೇ ಒಂದು ಬಲ್ಬು. ಅದೇ ಹೊತ್ತಿಗೆ ನಮ್ಮ ಮನೆಯ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಕೂಗುತ್ತಿತ್ತು, ಹಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಎರಡು ನಿಮಿಷಗಳಲ್ಲಿ ಪರದೆಯೂ ಆರಿತು. ಅಮ್ಮ ಹಚ್ಚಿ ತಂದ ಲಾಟೀನಿಗೆ ಮುತ್ತಿದ ಹುಳುಗಳನ್ನು ನೋಡುತ್ತ ಆ ರಾತ್ರಿ ನಾನು ಕುಳಿತದ್ದು ಇಂದಿಗೂ ಕಣ್ಣ ಮುಂದಿದೆ. ನಮ್ಮ ಹುಳುಗಳು ಬೆಳಕನ್ನು ಅರಸಿ ಬರುತ್ತವೆ, ಅಲ್ಲಿಯವು ಬೆಳಕಿಗೆ ಹೆದರುತ್ತವೆ. ಅಷ್ಟೇ ವ್ಯತ್ಯಾಸದಿಂದ ಹುಟ್ಟಿದ ಭಯವದು.

ಮಲ್ಡರ್ ಪಾತ್ರದ ನಾಯಕನಟ ಡೇವಿಡ್ ಡುಕೋವ್ನಿಯ ಇಚ್ಛೆಯಂತೆ 1998ರಲ್ಲಿ, ಆರನೆಯ ಸೀಸನ್ನಿನಿಂದ, ಚಿತ್ರೀಕರಣ ಲಾಸ್ ಏಂಜಲೀಸ್‌ಗೆ ಹೋಯಿತು. ಮನೆಯವರ ಹತ್ತಿರ ಇರಬೇಕೆಂಬ ನಟನ ಬಯಕೆಯನ್ನು ನಾನು ತಪ್ಪೆನ್ನಲಾರೆ. ಆದರೆ ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಎಲ್ಲವೂ ನಿಚ್ಚಳವಾಗಿ ಕಾಣತೊಡಗಿತು. ‘ಡ್ರೈವ್’ನಂಥ ಕಂತು ಆ ಬಿಸಿಲನ್ನೂ ಒಣ ಹೆದ್ದಾರಿಯನ್ನೂ ಸೊಗಸಾಗಿ ಬಳಸಿಕೊಂಡಿತು ಎಂಬುದನ್ನು ಒಪ್ಪಲೇಬೇಕು.

ಕಥೆಯೂ ಅದೇ ಕಾಲಕ್ಕೆ ಬಿಸಿಲಿಗೆ ಬಂದದ್ದು ಇನ್ನರ್ಧ ಉತ್ತರ. ಅನ್ಯಗ್ರಹಜೀವಿಗಳ ಗುಟ್ಟನ್ನು ಕಾಯುತ್ತಿದ್ದ ಕೂಟ 1999ರ ಆರಂಭದ ಕಂತೊಂದರಲ್ಲೇ ಬೆಂದುಹೋಯಿತು; ಮಲ್ಡರ್ ಬಾಲ್ಯದಿಂದ ಹುಡುಕುತ್ತಿದ್ದ ತಂಗಿಯ ಗತಿ ಏಳನೆಯ ಸೀಸನ್ನಿನಲ್ಲಿ ಗೊತ್ತಾಯಿತು. ಆಮೇಲೂ ಸರಣಿ ನಡೆಯಬೇಕಾಗಿದ್ದರಿಂದ ಮೊದಲಿನ ಗುಟ್ಟುಗಳ ಮೇಲೆ ಹೊಸ ಗುಟ್ಟುಗಳನ್ನು ಪೇರಿಸಬೇಕಾಯಿತು. ಎರಡನೆಯ ಸೀಸನ್ನಿನಲ್ಲಿ ಹೀಗಿರಲಿಲ್ಲ. ಸ್ಕಲ್ಲಿಯ ಪಾತ್ರ ಮಾಡುತ್ತಿದ್ದ ಜಿಲಿಯನ್ ಆಂಡರ್ಸನ್ ಆಗ ಗರ್ಭಿಣಿಯಾಗಿದ್ದರಿಂದ ಸ್ಕಲ್ಲಿಯನ್ನು ಅಪಹರಣಕ್ಕೆ ಒಳಗಾಗಿಸಿ ಕೆಲಕಾಲ ಕಥೆಯಿಂದ ದೂರವಿಟ್ಟರು. ಅನಿವಾರ್ಯದಿಂದ ಹುಟ್ಟಿದ ಆ ತಿರುವಿನ ಬಗ್ಗೆ ಬಹುಕಾಲ ಏನನ್ನೂ ಪೂರ್ತಿ ವಿವರಿಸಲಿಲ್ಲ, ಹಾಗಾಗಿಯೇ ಅದು ವರ್ಷಗಟ್ಟಲೆ ಕಾಡಿತು.

2016ರಲ್ಲಿ ಆರು ಕಂತುಗಳೊಂದಿಗೆ ಸರಣಿ ಮರಳಿದಾಗ ಚಿತ್ರೀಕರಣವೂ ವ್ಯಾಂಕೂವರ್‌ಗೆ ಮರಳಿತು. ಮಳೆ ಬಂದರೆ ಹಳೆಯದೆಲ್ಲ ಬಂದೀತೆಂದು ನಾನು ಆಸೆಯಿಂದ ಕಾದಿದ್ದೆ. ಮೊದಲ ಕಂತು ಹಳೆಯ ಗುಟ್ಟುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಬಿಡಿಸಿಟ್ಟು ಹೊಸದೊಂದು ವಿವರಣೆ ಕೊಡಹೊರಟಿತು, ನನಗೆ ನಿರಾಸೆಯಾಯಿತು. ಆದರೆ ಡಾರಿನ್ ಮಾರ್ಗನ್ ಬರೆದ ಮೂರನೆಯ ಕಂತಿನಲ್ಲಿ, ರಾತ್ರಿಯ ಕಾಡಿನಲ್ಲಿ ಮಲ್ಡರ್ ಕೈಯಲ್ಲಿ ಬ್ಯಾಟರಿ ಹಿಡಿದು ನಡೆಯುವಾಗ, ನಾನು ಏಳಬೇಕೆಂದಿದ್ದವನು ಮತ್ತೆ ಕುಳಿತೆ.