ಸ್ಕ್ರೀನ್ ಒಮ್ಮೆ ಆ ಕಡೆ ತಿರುಗಿಸಿದ್ದರೆ

ತೀರ್ಥಹಳ್ಳಿ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ನನ್ನದು ಲೋನ್ ಡೆಸ್ಕ್. ಮಳೆಗಾಲದಲ್ಲಿ ನಮಗೆ ಎರಡು ತಲೆನೋವು. ಒಂದು, ದಿನಕ್ಕೆ ನಾಲ್ಕು ಸಲ ಲಿಂಕ್ ಡೌನ್. ಇನ್ನೊಂದು, ಸಿಇಟಿ ಸೀಟು ಸಿಕ್ಕ ಮಕ್ಕಳ ಎಜುಕೇಶನ್ ಲೋನ್. ಆರ್‌ಒದಿಂದ, ಅಂದರೆ ರೀಜನಲ್ ಆಫೀಸಿನಿಂದ, ಬೆಳಿಗ್ಗೆ ಸಂಜೆ ಫೋನ್, "ಎಷ್ಟು ಲಾಗಿನ್ ಆಯ್ತು?" ಲಾಗಿನ್ ಅಂದರೆ ಸಿಸ್ಟಮ್‌ಗೆ ಹಾಕಿದ ಸಾಲದ ಅರ್ಜಿ. ಲಿಂಕ್ ಇದೆಯಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬರು ಗೌಡ್ರು ಮಗಳ ಜೊತೆ ಬಂದರು. ಸಣ್ಣ ಅಡಿಕೆ ತೋಟ, ಎಲೆಚುಕ್ಕೆ ರೋಗ ಬಂದು ಫಸಲು ಕೈಕೊಟ್ಟಿತ್ತು. ಸೊಸೈಟಿಯ ಬೆಳೆ ಸಾಲ ಬಿಟ್ಟರೆ ಬೇರೆ ಸಾಲ ಇಲ್ಲ ಅಂದರು. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಸಿಇಟಿ ಸೀಟು ಹಂಚುವ ಕೆಇಎಯ ಚಲನ್ ಕಟ್ಟುವ ಕೊನೆ ದಿನ ಹತ್ತಿರದಲ್ಲೇ ಇತ್ತು. ಅಪ್ಪ ಕೋ-ಅಪ್ಲಿಕೆಂಟ್ ಆದ್ದರಿಂದ ಅವರ ಸಿಐಆರ್, ಅಂದರೆ ಹಳೇ ಸಾಲಗಳ ಲೆಕ್ಕವಿರುವ ಕ್ರೆಡಿಟ್ ರಿಪೋರ್ಟ್, ತೆಗೆದೆ.

ಅದರಲ್ಲಿ ಸಾಲ ತೀರಿಸುವ ಶಿಸ್ತಿಗೆ ಕೊಡುವ ಸ್ಕೋರ್ 300ರಿಂದ 900ರವರೆಗೆ ಇರುತ್ತೆ. ಇವರದು ಐನೂರು ಚಿಲ್ಲರೆ. ಕೆಳಗೆ ಒಂದು ಟೂ ವೀಲರ್ ಲೋನ್, ರಿಟನ್ ಆಫ್, ಅಂದರೆ ವಸೂಲಾಗದೆ ಲೆಕ್ಕದಿಂದ ತೆಗೆದದ್ದು. ಕಂತು ಎಷ್ಟು ದಿನ ತಡ ಅಂತ ತೋರಿಸುವ ಡಿಪಿಡಿ ಕಾಲಂ ನೋಡುವ ಹಾಗೇ ಇರಲಿಲ್ಲ.

"ಗೌಡ್ರೇ, ಬೈಕ್ ಸಾಲ ಕಟ್ಟಿಲ್ವಲ್ಲ?"

"ಯಾವ ಬೈಕು ಮೇಡಂ? ನಂಗೆ ಗಾಡಿ ಓಡಿಸೋಕೇ ಬರಲ್ಲ."

ಈ ಸೀಟಲ್ಲಿ ಕೂತವರಿಗೆ ಈ ಉತ್ತರ ಹೊಸದಲ್ಲ. ಎಲ್ಲರೂ ಮೊದಲು ಇಲ್ಲ ಅಂತಾರೆ, ಆಮೇಲೆ ಭಾವಮೈದುನನ ಹೆಸರು ಹೊರಗೆ ಬರುತ್ತೆ. ಇವರದೂ ಅದೇ ಕಥೆ ಅಂದುಕೊಂಡೆ. "ಬೇರೆ ಯಾರಿಗಾದ್ರೂ ಕೊಡಿಸಿದ್ರಾ? ಆಧಾರ್ ಜೆರಾಕ್ಸ್ ಕೊಟ್ಟಿದ್ರಾ? ಸಹಿ ಹಾಕಿದ್ರಾ?" ಅಂತ ಒಂದರ ಹಿಂದೆ ಒಂದು ಕೇಳಿದೆ. ಹಿಂದೆ ಕ್ಯೂ ಇತ್ತು, ನನಗೆ ಅವಸರ. ಗೌಡ್ರು ತುಂಬಾ ಹೊತ್ತು ಯೋಚನೆ ಮಾಡಿದರು. ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಆಮೇಲೆ, "ಎಲ್ಲಾದ್ರೂ ಸಹಿ ಹಾಕಿರಬಹುದೇನೋ ಮೇಡಂ, ನೆನಪಾಗ್ತಿಲ್ಲ" ಅಂದರು.

ಮಾಡದ ಸಾಲವನ್ನು ಅವರು ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದರು. ಪಕ್ಕದಲ್ಲಿ ಕೂತ ಮಗಳು ಅಪ್ಪನ ಮುಖ ನೋಡುತ್ತಿದ್ದಳು. ನನಗೆ ಈಗಲೂ ಚುಚ್ಚುವುದು ಆ ಎರಡು ನಿಮಿಷವೇ. ಆಗ ಮಾತ್ರ, ನೋಡಿ, ನನ್ನ ಅನುಮಾನ ಸರಿ ಅಂತ ಒಳಗೊಳಗೇ ಸಮಾಧಾನ ಆಗಿತ್ತು.

"ಮೇಡಂ, ಅದನ್ನ ನಾವು ಒಂದ್ಸಲ ನೋಡಬಹುದಾ?" ಅಂತ ಹುಡುಗಿ ಕೇಳಿದಳು.

"ಅದು ಕಾನ್ಫಿಡೆನ್ಷಿಯಲ್ ಅಮ್ಮಾ" ಅಂದೆ. ಅವರಪ್ಪನ ಲೆಕ್ಕ ಅವರಪ್ಪನಿಂದಲೇ ಗುಟ್ಟು! ಆದರೆ ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದು. ಮಾನಿಟರ್ ಇಟ್ಟಿರುವ ಕೋನವೇ ಹಾಗಿದೆ.

ಯಾವ ಕಂಪನಿಯ ರಿಪೋರ್ಟ್ ಅಂತಷ್ಟೇ ಹೇಳಿ, ನೀವೇ ತೆಗೆದುಕೊಳ್ಳಿ ಅಂತ ಕಳಿಸಿದೆ. ದೇಶದಲ್ಲಿ ಇಂಥ ಕಂಪನಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. 2017ರಿಂದ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು ಅಂತ ಆರ್‌ಬಿಐ ಆದೇಶ ಇದೆ. ಮುಂಬೈಯಲ್ಲಿ ಕೂತು ಓದಿದರೆ ಎಷ್ಟು ಸಲೀಸು ಅನ್ನಿಸುತ್ತೆ. ಗೌಡ್ರ ಫೋನ್ ಮನೆಯಲ್ಲಿತ್ತು. ಮನೆಯಲ್ಲಿ ಟವರ್ ಇಲ್ಲ. ಒಟಿಪಿ ಬೇಕು ಅಂದರೆ ತೋಟದ ಮೇಲಿನ ಗುಡ್ಡ ಹತ್ತಬೇಕು, ಆ ಮಳೆಯಲ್ಲಿ. ಹತ್ತಿದರು. ಒಟಿಪಿ ದಾಟಿದ ಮೇಲೆ ಗುರುತು ಖಚಿತ ಮಾಡಲು ಒಂದು ಪ್ರಶ್ನೆ ಬಂತಂತೆ, ಇವುಗಳಲ್ಲಿ ನೀವು ತೆಗೆದುಕೊಂಡ ಸಾಲ ಯಾವುದು ಅಂತ. "ಯಾವುದೂ ಅಲ್ಲ" ಒತ್ತಿದ್ದಾಳೆ ಹುಡುಗಿ. ಲಾಗಿನ್ ಫೇಲ್. ನಿಜ ಹೇಳಿದ್ದಕ್ಕೆ ಸಿಕ್ಕ ಬಹುಮಾನ.

ಮರುದಿನ ಮತ್ತೆ ಬಂದರು. ಹುಡುಗಿ ಜೋರು ಮಾಡಲಿಲ್ಲ. "ಬ್ಯಾಂಕಿನವರು ಪ್ರತಿ ಕೊಡಬೇಕು ಅಂತ ಕಾನೂನಿದೆಯಂತೆ" ಅಂತ ಮೆಲ್ಲಗೆ ಹೇಳಿದಳು. ಮ್ಯಾನೇಜರ್ ನಕ್ಕರು. ನಾನು ಆಡಿಟ್‌ನಲ್ಲಿರುವ ಹಳೇ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರು ನಗಲಿಲ್ಲ. "2005ರ ಕ್ರೆಡಿಟ್ ಇನ್ಫರ್ಮೇಶನ್ ಕಂಪನೀಸ್ ಆಕ್ಟ್, ಸೆಕ್ಷನ್ 21. ಸಾಲಕ್ಕೆ ಅರ್ಜಿ ಹಾಕಿದವರು ಕೇಳಿದರೆ ನೀವು ತೆಗೆದ ರಿಪೋರ್ಟಿನ ಪ್ರತಿ ಕೊಡಲೇಬೇಕು" ಅಂದರು. ಇಷ್ಟು ವರ್ಷ ಇದೇ ಡೆಸ್ಕಲ್ಲಿ ಕೂತಿದ್ದೇನೆ, ಅದನ್ನು ಯಾರೂ ಕೇಳಿರಲಿಲ್ಲ, ನನಗೂ ಯಾರೂ ಹೇಳಿರಲಿಲ್ಲ. 2023ರ ಡೇಟಾ ಕಾನೂನಿನ ಬಗ್ಗೆ ಆನ್‌ಲೈನ್ ಟ್ರೈನಿಂಗ್ ಬಂದಿದೆ, ಕ್ಲಿಕ್ ಮಾಡುತ್ತಾ ಹೋದರೆ ಸರ್ಟಿಫಿಕೇಟೂ ಬರುತ್ತೆ. 2005ರದ್ದನ್ನು ಮಾತ್ರ ಶಾಖೆಯಲ್ಲಿ ಒಬ್ಬರೂ ಓದಿಲ್ಲ.

ಪ್ರಿಂಟ್ ಕೊಟ್ಟೆ. ಹುಡುಗಿ ಅಲ್ಲೇ ನಿಂತು ಓದಿದಳು. ಕ್ಯೂ ಒಂದು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ, "ಅಪ್ಪಾ, ಇದು ಶಿಕಾರಿಪುರದ ಅಡ್ರೆಸ್. ಈ ವೋಟರ್ ಐಡಿ ನಿಮ್ಮದಲ್ಲ. ಈ ಫೋನ್ ನಂಬರ್ ಯಾರದ್ದು?" ಅಂದಳು.

ಹೆಸರು, ಇನಿಶಿಯಲ್, ಹುಟ್ಟಿದ ತಾರೀಖು ಮಾತ್ರ ಒಂದೇ. ತಾರೀಖು ಜೂನ್ 1. ನಮ್ಮ ಕಡೆ ಆ ತಲೆಮಾರಿನ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಆ ಬೈಕ್ ಸಾಲಕ್ಕೆ ಪ್ಯಾನ್ ನಂಬರ್ ಇರಲಿಲ್ಲ. ಕಂಪ್ಯೂಟರ್ ಇದ್ದಷ್ಟರಲ್ಲೇ ತಾಳೆ ಹಾಕಿ ಇಬ್ಬರನ್ನು ಒಬ್ಬರನ್ನಾಗಿ ಮಾಡಿತ್ತು. ಅಡ್ರೆಸ್ ಕಾಲಂ ಹಿಂದಿನ ದಿನವೂ ನನ್ನ ಕಣ್ಣೆದುರೇ ಇತ್ತು. ನಾನು ನೋಡಿದ್ದು ಸ್ಕೋರ್ ಮತ್ತು ಡಿಪಿಡಿ ಅಷ್ಟೇ.

ದೂರು ಕೊಟ್ಟರು. ಸ್ಕೋರ್ ಕಂಪನಿ ತಾನಾಗಿ ತಿದ್ದುವ ಹಾಗಿಲ್ಲ, ಸಾಲ ಕೊಟ್ಟ ಫೈನಾನ್ಸ್‌ನವರು ಹೌದು ಅನ್ನಬೇಕು. ಅವರಿಗೆ 21 ದಿನ, ಒಟ್ಟು 30 ದಿನ. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2024ರ ಏಪ್ರಿಲ್‌ನಿಂದ ಇರುವ ನಿಯಮ. ಉತ್ತರವೇ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, 2022ರ ಸೆಪ್ಟೆಂಬರ್‌ನಿಂದ ಈ ಕಂಪನಿಗಳೂ ಅದರಡಿ ಬರುತ್ತವೆ. ಅಲ್ಲಿಗೆ ಹೋಗಬೇಕಾಗಿ ಬರಲಿಲ್ಲ. 30 ದಿನದೊಳಗೇ ಬೈಕ್ ಸಾಲ ರಿಪೋರ್ಟಿನಿಂದ ಹೋಯಿತು, ಹಾಗಾಗಿ ಪರಿಹಾರವೂ ಇಲ್ಲ. ಕೆಇಎ ಗಡುವು ಮಾತ್ರ ಅಷ್ಟು ದಿನ ಕಾಯಲಿಲ್ಲ. ಗೌಡ್ರು ಹೆಂಡತಿಯ ಸರ ಸೊಸೈಟಿಯಲ್ಲಿಟ್ಟು ಫೀಸು ಕಟ್ಟಿದರು.

ಆಮೇಲೆ ನಾನು ಹೊಸ ಸಿಐಆರ್ ತೆಗೆದು, ಉಳಿದ ವರ್ಷಗಳ ಫೀಸಿಗೆ ಲೋನ್ ಲಾಗಿನ್ ಮಾಡಿದೆ. ಈ ಸಲ ರಿಪೋರ್ಟ್ ಚೊಕ್ಕವಾಗಿತ್ತು. ಪ್ರೊಸೆಸಿಂಗ್ ಸೆಂಟರಿನಿಂದ ಎರಡೇ ದಿನದಲ್ಲಿ ಕ್ವೆರಿ ಬಂತು: "ಹಿಂದಿನ ಸಿಐಆರ್‌ನಲ್ಲಿ ರಿಟನ್ ಆಫ್ ಇದೆ. ಗ್ರಾಹಕರಿಂದ ವಿವರಣೆ ಪಡೆದು ಕಳಿಸಿ."